ಬಲಗಡೆಯ ಉಬ್ಬು ಗಂಟಲ್ಲ

ರೀ,

ಲ್ಯಾಬಿಗೆ ಕೆಲಸಕ್ಕೆ ಹೊರಟಿದ್ದೇನೆ. ಹಾಲು ಕಾಯಿಸಿದ್ದೇನೆ, ಆರಿದ ಮೇಲೆ ಫ್ರಿಜ್ಜಿನಲ್ಲಿಡಿ. ಬೆನ್ನಿಗೆ ತಿಕ್ಕುವ ಎಣ್ಣೆಯ ಬಾಟಲಿ ಹುಡುಕಬೇಡಿ, ನನ್ನ ಬ್ಯಾಗಿನಲ್ಲಿದೆ.

ಮಗಳ ಬೆನ್ನಿನ ಬಲಗಡೆ ಉಬ್ಬಿರುವುದು ನೀವು ತಿಕ್ಕಿ ಕರಗಿಸುವಂಥ ಗಂಟಲ್ಲ. ಅವಳ ಬೆನ್ನುಮೂಳೆ ಅತ್ತ ಬಾಗಿ ತಿರುಚಿಕೊಂಡಿದೆ, ಪಕ್ಕೆಲುಬು ಹಿಂದಕ್ಕೆ ಬಂದಿದೆ. ಅದರ ಮೇಲಿನ ಸ್ನಾಯು ಹಿಗ್ಗಿಕೊಂಡೇ ಇಡೀ ದಿನ ಅವಳನ್ನು ಎತ್ತಿ ಹಿಡಿಯುತ್ತದೆ. ಎಡಗಡೆಯದು ಕುಗ್ಗಿ ಕುಳಿತಿದೆ. ಸಂಜೆ ಅವಳು ಸುಸ್ತಾಗುವುದು ಅದಕ್ಕೆ. ನೀವು ಅದನ್ನು ಸೋಮಾರಿತನ ಎಂದಿರಿ, ಅದೂ ನಿಮ್ಮ ಅಕ್ಕನ ಎದುರಿಗೆ. "ನೆಟ್ಟಗೆ ನಿಂತ್ಕೊಳೇ, ಬೆನ್ನ ಮೇಲೇನು ಮೂಟೆ ಹೊತ್ತಿದೀಯಾ?" ಹೌದು, ಹೊತ್ತಿದ್ದಾಳೆ.

ಇವತ್ತು ಡಾಕ್ಟರು ಹೇಳಿಕೊಟ್ಟ ಅವಳ ವ್ಯಾಯಾಮಕ್ಕೆ ನೀವೇ ಜೊತೆಗಿರಿ. ಅವಳು ಕುಗ್ಗಿದ ಎಡಪಕ್ಕೆಗೆ ಉಸಿರು ತುಂಬಿಕೊಳ್ಳಬೇಕು. ಅಲ್ಲಿ ಸುಮ್ಮನೆ ಕೈ ಇಟ್ಟಿರಿ, ಒತ್ತಬೇಡಿ. ಬುದ್ಧಿವಾದ ಬೇಡವೇ ಬೇಡ.

ಬೆಳಿಗ್ಗೆ ಜಡೆ ಹಾಕುವಾಗ ಕೇಳಿದಳು: "ಅಮ್ಮಾ, ಅಪ್ಪ ಮನೇಲಿರೋವಾಗ ನಾನು ಗೋಡೆಗೆ ಒರಗಿಕೊಂಡೇ ಇರ್ಲಾ? ಬೆನ್ನು ಕಾಣಲ್ಲ."

ಜಡೆ ಮುಗಿಸಿ ಶಾಲೆಗೆ ಕಳಿಸಿದೆ. ಅವಳು ಶಾಲೆಯಿಂದ ಬಂದ ಕೂಡಲೇ ಉತ್ತರ ನೀವೇ ಕೊಡಿ.