ಮೈಕಿನಲ್ಲಿ ಬಿಟ್ಟ ಮಾತು

ಜನವರಿ 24, 2025. ಶುಕ್ರವಾರ. ಬೆಳಿಗ್ಗೆ 6:10. ಹೊಸಪೇಟೆ.

ಬೈಬಲ್ ವಾಕ್ಯ ಓದಿದ್ದಾಯಿತು. ಪ್ರಾರ್ಥನೆ ಏಳು ನಿಮಿಷ. ಗಡಿಯಾರ ನೋಡಿಯೇ ಎದ್ದೆ. ಹಾಲು ಇನ್ನೂ ಬಂದಿಲ್ಲ.

ಇಂದಿನಿಂದ ಮೂರು ಸಂಜೆ ಕನ್ವೆನ್ಷನ್. ಚರ್ಚ್ ಕಾಂಪೌಂಡಿನಲ್ಲಿ ಶಾಮಿಯಾನ ಎದ್ದಿದೆ. ಪ್ರಸಂಗಕ್ಕೆ ಗುಂತಕಲ್ಲಿನಿಂದ ಪಾಸ್ಟರ್ ಜೀವರತ್ನಂ ಅಯ್ಯಗಾರು. ಅವರದು ತೆಲುಗು. ಪಕ್ಕದ ಮೈಕಿನ ಮುಂದೆ ನಿಂತು ಸಾಲು ಸಾಲಾಗಿ ಕನ್ನಡದಲ್ಲಿ ಹೇಳುವವಳು ನಾನು. ನಾಲ್ಕನೇ ವರ್ಷ. ಅವ್ವ ಗುಂತಕಲ್ಲಿನವಳಾದ್ದರಿಂದ ಬಂದ ಕೆಲಸ.

ನಿಯಮ ಎರಡೇ. ಸೇರಿಸಬಾರದು. ಬಿಡಬಾರದು. ಅವರು 'ನಾನು' ಎಂದರೆ ನಾನೂ 'ನಾನು' ಎನ್ನಬೇಕು. 'ಅವರು ಹೀಗನ್ನುತ್ತಿದ್ದಾರೆ' ಎಂದು ಹೇಳಿ ದೂರ ನಿಲ್ಲುವವರನ್ನು ಕಂಡರೆ ನನಗಾಗದು.

ನಿನ್ನೆ ಓದುತ್ತಿದ್ದ ಅನುವಾದಿತ ಕಾದಂಬರಿಯಲ್ಲಿ, ಪುಟ 112 — ಒಬ್ಬ ಹೆಂಗಸು ಪತ್ರ ಬರೆಯಲು ಕೂರುತ್ತಾಳೆ. ಮುಂದಿನ ಸಾಲಿನಲ್ಲಿ ಪತ್ರ ಅಂಚೆಗೆ ಬಿದ್ದಿದೆ. ನಡುವೆ ಏನೋ ಇತ್ತು. ಅನುವಾದಕರು ಬಿಟ್ಟಿದ್ದಾರೆ. ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಹಿಂದೊಮ್ಮೆ ಹೀಗೇ ಆದಾಗ ಪ್ರಕಾಶಕರಿಗೆ ಕಾರ್ಡು ಬರೆದಿದ್ದೆ. ಉತ್ತರ ಬರಲಿಲ್ಲ.

ಆದರೂ ಆ ಪುಸ್ತಕ ಮುಚ್ಚಲು ಮನಸ್ಸಾಗಲಿಲ್ಲ. ಪ್ರಾರ್ಥನೆ ಮುಗಿಸಲು ಏಳು ನಿಮಿಷ ಸಾಕು. ಇದನ್ನು ಇಲ್ಲಿ ಮಾತ್ರ ಬರೆಯಬಲ್ಲೆ.

ಜನವರಿ 25. ಶನಿವಾರ.

ಮೊದಲ ದಿನ ಸರಿಹೋಯಿತು. ಅಯ್ಯಗಾರು ಒಂದು ಸಾಲು ಹೇಳಿ ನಿಲ್ಲುತ್ತಾರೆ. ನನ್ನತ್ತ ನೋಡುತ್ತಾರೆ. ನಾನು ಮುಗಿಸಿದ ಮೇಲೆ ಮುಂದಿನದು. ಕನ್ನಡ ಅವರಿಗೆ ಅಷ್ಟಾಗಿ ಬರುವುದಿಲ್ಲ. ನನ್ನನ್ನು ಪೂರ್ತಿ ನಂಬುತ್ತಾರೆ.

ವಡ್ಡು ಹಳ್ಳಿಯಿಂದ ಹೆಂಗಸರು ಟೆಂಪೋದಲ್ಲಿ ಬಂದಿದ್ದರು. ನಿಂಗಕ್ಕನೂ. ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವಳು. ಭಾನುವಾರ ನನ್ನ ಪಕ್ಕದ ಚಾಪೆಯೇ ಅವಳದು. ಎಷ್ಟು ಜೋರಾಗಿ ಹಾಡುತ್ತಾಳೆ. ತಾಳ ತಪ್ಪಿ, ಶ್ರುತಿ ತಪ್ಪಿ. ಎಡಗಿವಿ ಗುಂಯ್ ಎನ್ನುತ್ತದೆ. ಜಾಗ ಬದಲಾಯಿಸಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಜನವರಿ 27. ಸೋಮವಾರ. ಬೆಳಿಗ್ಗೆ 8:45.

ಕನ್ವೆನ್ಷನ್ ಮುಗಿಯಿತು. ನನಗೆ ಶಾಲು ಹೊದಿಸಿದರು. ನಮ್ಮ ಸಭೆಯ ಪಾಸ್ಟರ್ ಕಿರಣ್ ಕುಮಾರ್ ಅಯ್ಯನವರು ಮೈಕಿನಲ್ಲೇ ಹೇಳಿದರು: "ಸುನಿತಕ್ಕನವರ ತರ್ಜುಮೆ ಅಂದ್ರ ಕನ್ನಡಿ ಇದ್ದಂಗ." ಚಪ್ಪಾಳೆ.

ಪ್ರಸಂಗದಲ್ಲಿ ಒಂದು ಕಡೆ ನಾನು — ಇಲ್ಲ, ಈಗ ಬೇಡ. ಮೆಡಿಕಲ್ ಸ್ಟೋರಿನ ಕೆಲಸಕ್ಕೆ ಹೊತ್ತಾಯಿತು.

ಜನವರಿ 29. ಬುಧವಾರ. ಮಧ್ಯಾಹ್ನ 2:30. ಮೆಡಿಕಲ್ ಸ್ಟೋರಿನ ಹಿಂದಿನ ಕೋಣೆ.

ಅಂಗಡಿ ಮಾಲೀಕ ಬಸವಕುಮಾರ್ ಬೆಳಿಗ್ಗೆ ಕೇಳಿದರು: "ಏನ್ ಮೇಡಂ, ನಿಮ್ಮ ಸಭೆ ಮಸ್ತ್ ಆತಂತಲ್ಲ? ಆ ಕಡೆ ಹೊಂಟಿದ್ದೆ, ನಿಮ್ಮ ದನಿ ಕೇಳಿಸ್ತು. ಇಲ್ಲಿ ಕೌಂಟರ್‌ನಾಗ ಎರಡು ಮಾತಾಡಾಕ ನಿಮಗ ಭಾರ. ಅಲ್ಲಿ ಏನ್ ಗರ್ಜಿಸ್ತೀರಿ."

ನಕ್ಕೆ. ಒಳಗೆ ಬಂದು ಕೂತೆ. ಬರೆದುಬಿಡುತ್ತೇನೆ.

ಭಾನುವಾರದ ಪ್ರಸಂಗ — ದೇವರಲ್ಲಿ ತೃಪ್ತಿ. ಅರ್ಧದವರೆಗೆ ಒಂದಕ್ಷರ ಬಿಡಲಿಲ್ಲ. ಆಮೇಲೆ ಅಯ್ಯಗಾರು ದನಿ ಇಳಿಸಿದರು. ತೆಲುಗಿನಲ್ಲಿ ಹೇಳಿದರು: ಏಳು ವರ್ಷ ನನಗೆ ದೇವರಲ್ಲಿ ಸಂತೋಷ ಇರಲಿಲ್ಲ. ನಿಂತರು. ನನ್ನತ್ತ ನೋಡಿದರು.

ಎದುರಿಗೆ ಮುನ್ನೂರು ಜನ. ಎಲ್ಲರೂ ನನ್ನನ್ನು ಬಲ್ಲವರು. ನನ್ನ ಬಾಯಿಂದ, ನನ್ನ ದನಿಯಲ್ಲಿ, 'ನನಗೆ ದೇವರಲ್ಲಿ ಸಂತೋಷ ಇರಲಿಲ್ಲ.' ಅದು ಅವರ ಮಾತು, ನಿಜ. ಆದರೆ ನನ್ನದೂ ಹೌದು. ಮೂರು ವರ್ಷದಿಂದ ನನ್ನದು. ಕಾರಣವೂ ಇಲ್ಲ — ಸಾವಿಲ್ಲ, ರೋಗವಿಲ್ಲ. ಸುಮ್ಮನೆ ಒಣಗಿತು. ಆ ಸಾಲು ಹೇಳಿದರೆ ಎಲ್ಲರಿಗೂ ಗೊತ್ತಾಗುತ್ತದೆ ಅನಿಸಿತು.

ಹೇಳಿದೆ: "ಕಷ್ಟದ ದಿನಗಳು ಬರುತ್ತವೆ."

ಅವರು ಇನ್ನೊಂದು ಸಾಲು. ನಿಂತರು. ನಾನು: "ಆದರೆ ಕರ್ತನು ನಮ್ಮನ್ನು ಕೈಬಿಡುವುದಿಲ್ಲ." ಇನ್ನೊಂದು. "ಆತನಲ್ಲಿ ನನಗೆ ಸದಾ ಸಂತೋಷ ಇದೆ." ಹೀಗೆ ಹತ್ತು ಹನ್ನೆರಡು ಸಾಲು. ಪ್ರತಿ ಸಲವೂ ಅವರು ನನಗಾಗಿ ಕಾದರು. ಪ್ರತಿ ಸಲವೂ ನಾನು ಬೇರೆ ಏನನ್ನೋ ತುಂಬಿಸಿದೆ. ಬಿಟ್ಟದ್ದಷ್ಟೇ ಅಲ್ಲ. ಸೇರಿಸಿದೆ ಕೂಡ. ಎರಡೂ ನಿಯಮ ಮುರಿದೆ.

ಆಮೇಲೆ ಶಾಲು.

ಫೆಬ್ರವರಿ 2. ಭಾನುವಾರ.

ತಿಂಗಳ ಮೊದಲ ಭಾನುವಾರ. ಕರ್ತನ ಭೋಜನ, ಮುಂದಿನ ಮೇಜಿನ ಮೇಲೆ ರೊಟ್ಟಿ, ದ್ರಾಕ್ಷಾರಸ. ಎಲ್ಲರೂ ಎದ್ದು ಮುಂದೆ ಹೋದರು. ನಿಂಗಕ್ಕ ಏಳಲಿಲ್ಲ. ಮೊಣಕಾಲು ನೋವಿರಬೇಕು ಅಂದುಕೊಂಡೆ. ಹಾಡಲೂ ಇಲ್ಲ. ಎಡಗಿವಿಯಲ್ಲಿ ಸದ್ದೇ ಇಲ್ಲ.

ನಾನು ಎದ್ದು ಹೋದೆ. ರೊಟ್ಟಿ ತೆಗೆದುಕೊಂಡೆ. ದ್ರಾಕ್ಷಾರಸ ಕುಡಿದೆ. ನೀಟಾಗಿ ಬಂದು ಕೂತೆ.

ಫೆಬ್ರವರಿ 6. ಗುರುವಾರ.

ಕಂಪ್ಲಿಯಿಂದ ಸುವಾರ್ತಮ್ಮ ಬಂದಿದ್ದಳು. ಎಪ್ಪತ್ತು ದಾಟಿದವಳು, ಅವ್ವನ ಗೆಳತಿ. ತವರು ಆದೋನಿ, ತೆಲುಗು ಬಲ್ಲವಳು. ಪ್ರತಿ ತಿಂಗಳು ಬಿ.ಪಿ. ಮಾತ್ರೆ ನನ್ನ ಹತ್ತಿರವೇ ಒಯ್ಯುತ್ತಾಳೆ. ಮಾತ್ರೆ ಚೀಲಕ್ಕೆ ಹಾಕಿಕೊಂಡವಳು ಹೋಗಲಿಲ್ಲ.

"ಸುನಿತಾ, ತೆಲುಗು ಮರ್ತಿಯೇನವ್ವಾ?"

"ಇಲ್ಲಮ್ಮ."

"ಹಂಗಾದ್ರ ಅವತ್ತು ಗಂಟ್ಲು ಕಟ್ಟಿತ್ತೇನು?"

ಸ್ಟ್ರಿಪ್‌ಗಳನ್ನು ಜೋಡಿಸುತ್ತ ನಿಂತೆ. ಜೋಡಿಸುವಂಥದ್ದು ಏನೂ ಇರಲಿಲ್ಲ.

"ಆ ಅಯ್ಯಗಾರು ತಮ್ಮ ಖಾಲಿತನ ಹೇಳ್ಕೊಂಡ್ರು ನೋಡು, ಅದನ್ನ ಕೇಳಿ ನನ್ನ ಎದಿ ಹಗುರ ಆತು. ಈ ವಯಸ್ಸಿನಾಗ ಬಸ್ ಹತ್ತಿ ಬಂದದ್ದು ಸಾರ್ಥಕ ಅನ್ಕಂಡೆ. ಹಿಂದ ತಿರುಗಿ ನೋಡಿದ್ರ ವಡ್ಡಿನ ಹೆಣ್ಮಕ್ಳು ಬೆಪ್ಪಾಗಿ ಕುಂತಾರ. ಅವರಿಗೆ ಬರ್ಲೇ ಇಲ್ಲ ಅದು."

"ಬೇರೆಯವರೂ ಗಮನಿಸಿದ್ರಾ?"

"ತೆಲುಗು ಬರೋರು ಅರ್ಧ ಮಂದಿ ಅದಾರಲ್ಲೇ. ಗಮನಿಸ್ದಂಗ ಇರ್ತಾರಾ? ದೊಡ್ಡೋರ ಮಗಳು, ಓದಿದಾಕಿ, ಏನೋ ಯೋಚನೆ ಮಾಡಿ ಬಿಟ್ಟಿರ್ತಾಳ ಅಂದ್ರು. ನಾನೊಬ್ಬಾಕಿ ಬಾಯಿ ಬಿಟ್ಟೆ." ಚೀಲ ಹೆಗಲಿಗೇರಿಸಿದಳು. "ಬೈಯಾಕ ಬಂದಿಲ್ಲವ್ವಾ. ಯಾಕ ಅಂತ ಅಷ್ಟೇ."

"ತಲೆಸುತ್ತು ಬಂದಂಗಾಗಿತ್ತಮ್ಮ" ಎಂದೆ.

"ಹಂಗಾದ್ರ ನೀನೂ ಒಂದು ಮಾತ್ರಿ ನುಂಗು" ಎಂದು ಹೊರಟಳು. ನಂಬಿದಂತೆ ಕಾಣಲಿಲ್ಲ.

ಫೆಬ್ರವರಿ 17. ಸೋಮವಾರ.

ಹತ್ತು ದಿನ ಬರೆದಿಲ್ಲ. ಪುಸ್ತಕವೂ ಪುಟ 112ರಲ್ಲೇ ಇದೆ. ಆ ಪ್ರಶ್ನಾರ್ಥಕ ಚಿಹ್ನೆಯನ್ನು ರಬ್ಬರಿನಿಂದ ಅಳಿಸಿದೆ. ಗುರುತು ಉಳಿದಿದೆ.

ಅಯ್ಯನವರ ಫೋನು. ಏಪ್ರಿಲ್‌ನಲ್ಲಿ ಸಂಡೂರಿನಲ್ಲಿ ಸಭೆ. "ನೀವೇ ನಿಲ್ಲಬೇಕ್ರಿ. ಬ್ಯಾರೆಯವರು ನಮಗ ಬ್ಯಾಡ." ನೋಡೋಣ ಎಂದೆ. ಬೇಡ ಎಂದರೆ ಕಾರಣ ಕೇಳುತ್ತಾರೆ.

ಫೆಬ್ರವರಿ 23. ಭಾನುವಾರ. ಮಧ್ಯಾಹ್ನ 3.

ಆದದ್ದು ಆದಂತೆಯೇ ಬರೆಯಬೇಕು.

ಆರಾಧನೆ ಮುಗಿದ ಮೇಲೆ ನಿಂಗಕ್ಕ ಚಾಪೆ ಸುತ್ತುತ್ತಿದ್ದಳು. ನಾನೇ ಕೇಳಿದೆ: "ಯಾಕೆ ನಿಂಗಕ್ಕ, ಈಚೆಗೆ ಹಾಡೋದಿಲ್ಲ?"

"ನಿಮ್ಮ ಕಿವಿಗೆ ಆರಾಮಾತಲ್ರಿ ಅಕ್ಕಾರ." ನಕ್ಕಳು. ಗೊತ್ತಿತ್ತು ಅವಳಿಗೆ. ಇಷ್ಟು ದಿನವೂ ಗೊತ್ತಿತ್ತು.

ನಾನೂ ಚಾಪೆಯ ಒಂದು ತುದಿ ಹಿಡಿದೆ. ಅವಳೇ ಶುರು ಮಾಡಿದಳು.

"ಒಂದೂವರೆ ವರ್ಷ ಆತ್ರಿ. ಪ್ರಾರ್ಥನಿ ಮಾಡಿದ್ರ ಏನೂ ಅನ್ಸೂದಿಲ್ಲ. ಗ್ವಾಡಿ ಜತಿ ಮಾತಾಡಿದಂಗ. ಜೋರಾಗಿ ಹಾಡಿದ್ರ ಬಂದೀತು ಅಂತ ಹಾಡ್ತಿದ್ನಿ. ಎಲ್ಲಾರಿಗೂ ಹಿಂಗ ಒಮ್ಮೊಮ್ಮೆ ಆಗ್ತೈತಿ ಅನ್ಕಂಡಿದ್ದೆ. ಕನ್ವೆನ್ಷನ್ನಿನಾಗ ಕೇಳಿದ ಮ್ಯಾಲ ತಿಳೀತು. ಅವರು ಅಂದ್ರಲ್ಲ — ಆತನಲ್ಲಿ ನನಗ ಸದಾ ಸಂತೋಷ ಐತಿ ಅಂತ. ಸದಾ ಅಂದ್ರು. ನನಗ ಒಂದಿನಾನೂ ಇಲ್ಲ. ಅಂದ್ರ ನಾನು ಆತನ ಮಂದಿಯಲ್ಲ. ಅಲ್ಲದಾಕಿ ಆ ರೊಟ್ಟಿಗೆ ಕೈ ಚಾಚಬಾರ್ದಲ್ರಿ."

'ಸದಾ' ನನ್ನ ಮಾತು. ಅಯ್ಯಗಾರು ಹೇಳಲೇ ಇಲ್ಲ.

"ಮುಂದಿನ ಐತವಾರ ಬಂದು ಅಯ್ಯನವರಿಗೆ ಹೇಳಿಬಿಡ್ತೀನ್ರಿ, ಸಭೆಯ ಪಟ್ಟಿಯಿಂದ ನನ್ನ ಹೆಸರು ತೆಗೀರಿ ಅಂತ. ಸುಳ್ಳು ಸುಳ್ಳೇ ಯಾಕ ಇರಬೇಕು?"

"ಹಾಗಲ್ಲ ನಿಂಗಕ್ಕ," ಎಂದೆ. "ಅಯ್ಯಗಾರಿಗೂ ಹಾಗೇ ಇತ್ತು. ಏಳು ವರ್ಷ. ಅವರೇ ಹೇಳಿದರು."

ಚಾಪೆ ಬಿಟ್ಟು ನನ್ನ ಕೈ ಹಿಡಿದಳು. ಸಬೀನ ಪುಡಿಯಲ್ಲಿ ಪಾತ್ರೆ ತಿಕ್ಕಿ ಒರಟಾದ ಕೈ. "ನೀವು ಭಾಳ ಚಲೋರು. ನನ್ನ ಸಮಾಧಾನಕ್ಕ ಹೇಳ್ತೀರಿ. ಅವತ್ತು ಮೈಕಿನಾಗ ಹಂಗ ಹೇಳ್ಲಿಲ್ಲಲ್ಲ. ನೀವು ಒಂದಕ್ಷರ ಬಿಡೋರಲ್ಲ, ನನಗ ಗೊತ್ತಿಲ್ಲೇನು?"

ಟೆಂಪೋದವನು ಹಾರ್ನ್ ಹೊಡೆದ. ಹೋದಳು.

ಆಗಲೂ ನಾನು ಹೇಳಿದ್ದು 'ಅಯ್ಯಗಾರಿಗೂ ಹಾಗೇ ಇತ್ತು' ಎಂದು. 'ನನಗೂ ಹಾಗೇ ಇದೆ' ಎನ್ನಲಿಲ್ಲ. ಪಕ್ಕದ ಚಾಪೆಯಲ್ಲಿ ಇಬ್ಬರೂ ಒಣಗಿ ಕೂತಿದ್ದೆವು. ಅವಳು ಹಾಡಿ ನೋಡುತ್ತಿದ್ದಳು. ನಾನು ಜಾಗ ಬದಲಾಯಿಸಲು ನೋಡುತ್ತಿದ್ದೆ.

ಫೆಬ್ರವರಿ 26. ಬುಧವಾರ. ಮಧ್ಯಾಹ್ನ 4.

ಶಿವರಾತ್ರಿ. ಅಂಗಡಿ ಒಂದು ಗಂಟೆಗೇ ಮುಚ್ಚಿತು. ಬಸವಕುಮಾರ್ ಮನೆಯವರೆಲ್ಲ ಉಪವಾಸ, ಹಂಪಿಗೆ ಹೊರಟರು. "ನಾಳೆ ಲೇಟಾಗಿ ಬರ್ರಿ ಮೇಡಂ, ನಾನೂ ಹಂಗೇ ಬರಾಂವ." ಬೀದಿಯಲ್ಲಿ ಕರಬೂಜದ ಗಾಡಿಗಳು.

ಮನೆಗೆ ಬಂದು ಕೂತೆ. ಅಂದು ಬಿಟ್ಟದ್ದನ್ನು ಕನ್ನಡದಲ್ಲಿ ಬರೆಯಬೇಕೆಂದು. ಕನ್ವೆನ್ಷನ್ನಿನ ರೆಕಾರ್ಡಿಂಗ್ ಸಭೆಯ ಗ್ರೂಪಿನಲ್ಲಿ ಇದೆ. ಆ ಭಾಗ ಹುಡುಕಿದೆ. ನನ್ನ ದನಿ ಬಂದಾಗಲೆಲ್ಲ ಫೋನು ದೂರ ಹಿಡಿದೆ. ಒಂದೊಂದೇ ಸಾಲು. ಸೇರಿಸದೆ, ಬಿಡದೆ:

ಏಳು ವರ್ಷ ನನಗೆ ದೇವರಲ್ಲಿ ಸಂತೋಷ ಇರಲಿಲ್ಲ. ಸಂತೋಷದ ಬಗ್ಗೆ ಪ್ರಸಂಗ ಮಾತ್ರ ಮಾಡುತ್ತಿದ್ದೆ. ಜನ ಅಳುತ್ತಿದ್ದರು, ನಾನು ಗಡಿಯಾರ ನೋಡುತ್ತಿದ್ದೆ. ಅಳುವವರನ್ನು ಕಂಡು ಹೊಟ್ಟೆಕಿಚ್ಚು ಪಡುತ್ತಿದ್ದೆ. ಒಂದು ದಿನ ಗುಂತಕಲ್ ಸ್ಟೇಷನ್ನಿನಲ್ಲಿ ಗಾಡಿ ತಡವಾಯಿತು. ಬೆಂಚಿನ ಮೇಲೆ ಕೂತು ದೇವರಿಗೆ ಹೇಳಿದೆ: ನೀನು ನನಗೆ ಬೇಕಾಗಿಲ್ಲ. ನೀನು ನನಗೆ ಬೇಕಾಗಬೇಕು ಎಂಬ ಆಸೆ ಮಾತ್ರ ಇದೆ. ಅದೂ ಚೂರೇ. ಅದನ್ನು ತೆಗೆದುಕೋ. ಆವತ್ತು ಸಂತೋಷ ಬರಲಿಲ್ಲ. ಆದರೆ ಏಳು ವರ್ಷದಲ್ಲಿ ಮೊದಲ ಸಲ ನನ್ನ ಪ್ರಾರ್ಥನೆಯಲ್ಲಿ ಸುಳ್ಳು ಇರಲಿಲ್ಲ. ಇಂದು ನನ್ನಲ್ಲಿರುವ ಸಂತೋಷ ಶುರುವಾದದ್ದು ಆ ಬೆಂಚಿನಿಂದ. ಖಾಲಿ ಇರುವವರು ಇಲ್ಲಿ ಯಾರಾದರೂ ಇದ್ದರೆ, ಮನೆಗೆ ಹೋಗಬೇಡಿ. ಕರ್ತನ ಮೇಜು ನಿಮಗಾಗಿಯೇ.

ಕೊನೆಯ ಸಾಲು ಮೂರು ಸಲ ಓದಿದೆ. ಆ ಸಾಲಿಗೆ ಅಂದು ನಾನು ಹೇಳಿದ್ದು: "ಹಲ್ಲೆಲೂಯ."

ಸಂಜೆ 5:30.

ಬರೆದ ಮೇಲೆ ಅಲ್ಲೇ ಪ್ರಾರ್ಥನೆಗೆ ಕೂತೆ. ಬೆಂಚಿನ ಮಾತನ್ನೇ ಹೇಳಿದೆ, ನನ್ನದಾಗಿ. ಬೇರೇನೂ ಹೇಳಲಿಲ್ಲ. ಗಡಿಯಾರ ನೋಡಲು ಮರೆತೆ.

ಏನೋ ಇತ್ತು. ಸಂತೋಷ ಎಂದು ಬರೆಯುವುದು ಹೆಚ್ಚಾದೀತು. ಹಸಿವು ಎಂದು ಬರೆಯಬಹುದು. ಮೂರು ವರ್ಷದಿಂದ ಅದೂ ಇರಲಿಲ್ಲ. ಎದ್ದ ಮೇಲೂ ಇತ್ತು. ಅನ್ನಕ್ಕೆ ಇಡುವಾಗಲೂ. ಆತನು ಇದ್ದಾನೆ, ನಾನು ಸುಳ್ಳು ಹೇಳುತ್ತಿಲ್ಲ — ಇಷ್ಟೇ. ಇಷ್ಟೇ ಇಷ್ಟೊಂದು ಹಿತವಾಗಿರುತ್ತದೆಂದು ಗೊತ್ತಿರಲಿಲ್ಲ.

ಹಿತವಾದಷ್ಟೂ ನಾಚಿಕೆ. ಇದು ನಿಂಗಕ್ಕನಿಗೂ ಕೊಟ್ಟು ಕಳಿಸಿದ್ದು. ನನ್ನ ಕೈಯಲ್ಲಿ ಒಂದು ತಿಂಗಳು ಉಳಿಯಿತು. ಅವಳ ಪಾಲನ್ನು ಇಟ್ಟುಕೊಂಡು ಕೂತು ಉಣ್ಣುತ್ತಿದ್ದೇನೆ.

ಮಾರ್ಚ್ 1. ಶನಿವಾರ. ಮಧ್ಯಾಹ್ನ 2:40. ಅಂಗಡಿ.

ನಾಳೆ ಕರ್ತನ ಭೋಜನ. ನಾಳೆಯೇ ಅವಳು ಅಯ್ಯನವರಿಗೆ ಹೇಳುವುದು.

ವಡ್ಡಿಗೆ ಹೋಗಿ ಅವಳೊಬ್ಬಳಿಗೇ ಹೇಳಿ ಬರೋಣ ಅಂದುಕೊಂಡಿದ್ದೆ. ಬಸ್ಸಿನ ಹೊತ್ತೂ ಕೇಳಿಟ್ಟಿದ್ದೆ. ಆದರೆ ನಂಬುವುದಿಲ್ಲ. ಸಮಾಧಾನಕ್ಕೆ ಹೇಳುತ್ತೀರಿ ಎಂದು ಮತ್ತೆ ಕೈ ಹಿಡಿಯುತ್ತಾಳೆ. ಅವಳು ನಂಬಿದ್ದು ಮೈಕಿನ ಮಾತನ್ನು. ಮೈಕಿನಲ್ಲೇ ಹೇಳಬೇಕು. ಅಲ್ಲದೆ ಅಂದು ಚಾಪೆಯ ಮೇಲೆ ಇನ್ನೆಷ್ಟು ಜನ ಖಾಲಿ ಕೂತಿದ್ದರೋ, ನನಗೇನು ಗೊತ್ತು.

ನಿರ್ಧರಿಸಿದ್ದೇನೆ. ನಾಳೆ ಎಂಟೂವರೆಗೆ, ಆರಾಧನೆಗೆ ಮುಂಚೆ, ಅಯ್ಯನವರ ಮನೆಗೆ. ನಡೆದದ್ದು ಹೇಳಬೇಕು. ರೊಟ್ಟಿ ಮುರಿಯುವ ಮೊದಲು ಮೂರು ನಿಮಿಷ ಕೇಳಬೇಕು. ಸಂಡೂರಿಗೆ ಬೇರೆಯವರನ್ನು ನೋಡಿಕೊಳ್ಳಿ ಎಂದರೆ ಅದೂ ಸರಿ. ವಾಪಸ್ ಕೊಡಲು ಶಾಲು ಮಡಿಸಿ ಚೀಲದಲ್ಲಿಟ್ಟಿದ್ದೇನೆ.

ಅಯ್ಯಗಾರ ಮಾತು ಪೂರ್ತಿ. 'ಹಲ್ಲೆಲೂಯ' ಎಂದ ಜಾಗದಲ್ಲಿ ಆ ಕೊನೆಯ ಸಾಲು. ಕಾಗದ ನೋಡುವುದಿಲ್ಲ. ನಿಂಗಕ್ಕ ಎರಡನೇ ಸಾಲಿನ ಚಾಪೆ. ಅವಳನ್ನೇ ನೋಡಬೇಕು. ಆದರೆ ಅವರ ಏಳು ವರ್ಷದಿಂದ ಶುರು ಮಾಡಿದರೆ ಮತ್ತೆ ಅವರ ಹಿಂದೆ ನಿಂತಂತೆ. ಮೊದಲು ನನ್ನದು. ಮೊದಲ ಸಾಲು ಇಲ್ಲಿ ಬರೆದು ನೋಡುತ್ತೇನೆ —

ಮೂರು ವರ್ಷದಿಂದ ನಾನು ಖಾಲಿ ಇದ್ದೇನೆ.