ಪಾಸಿಟಿವ್ ಬಂದ ರಕ್ತ

ಹಿಂದೂಪುರ,
ಭಾನುವಾರ, ೧೭ ಆಗಸ್ಟ್ ೨೦೨೫

ಪ್ರೀತಿಯ ನರೇಶಣ್ಣಾ,

ತಲೆಯ ಹೊಲಿಗೆ ಬಿಚ್ಚಿದರಾ? ಜೈಲಿನ ಊಟ ಹೊಟ್ಟೆಗೆ ಹಿಡಿಯುತ್ತಿದೆಯಾ? ಮನೆಯ ತಿಂಡಿ ಒಳಗೆ ಬಿಡುವುದಿಲ್ಲವೆಂದು ಅಮ್ಮ ದಿನಾ ಅಳುತ್ತಾಳೆ. ಕಾಗದ ಒಡೆದು ಓದಿಯೇ ಕೊಡುತ್ತಾರಂತೆ. ಅಲ್ಲಿ ಕನ್ನಡ ಬಲ್ಲವರಿದ್ದರೆ ಓದಲಿ, ನನಗೇನೂ ನಾಚಿಕೆಯಿಲ್ಲ. ಬಲಗೈಯ ಎರಡು ಬೆರಳಿಗೆ ಇನ್ನೂ ಪಟ್ಟಿ ಇದೆ, ಅಕ್ಷರ ಸೊಟ್ಟಗಾಗಿವೆ.

ಆ ದಿನ ಕಲ್ಯಾಣದುರ್ಗದ ನನ್ನ ಗಂಡನ ಮನೆಯಲ್ಲಿ ನೀನು ಏನಾಯಿತೆಂದು ಕೇಳುವಷ್ಟು ಹೊತ್ತೂ ನಿಲ್ಲಲಿಲ್ಲ, ಅದಕ್ಕೇ ಮೊದಲಿಂದ ಹೇಳುತ್ತೇನೆ. ಚಿಕೂನ್‌ಗುನ್ಯಾ ಬಂದು ಹೋಗಿ ಎರಡು ತಿಂಗಳಾದರೂ ನನ್ನ ಕೀಲುನೋವು ಬಿಟ್ಟಿರಲಿಲ್ಲ. ಅಲ್ಲಿನ ಲ್ಯಾಬಿನಲ್ಲಿ ಎ.ಎನ್.ಎ. ಎಂಬ ರಕ್ತಪರೀಕ್ಷೆ ಮಾಡಿದರು. ಪಾಸಿಟಿವ್ ಬಂತು. ರಿಪೋರ್ಟು ಕೊಟ್ಟವನು ಡಾಕ್ಟರಲ್ಲ. ಆದರೂ ರಕ್ತವೇ ಮೈಯ ಮೇಲೆ ತಿರುಗಿಬೀಳುವ ರೋಗವೆಂದು ಜೊತೆಗೆ ಬಂದಿದ್ದ ಅತ್ತೆ ನಾರಮ್ಮನಿಗೆ ಹೇಳಿಬಿಟ್ಟ. ಅತ್ತೆ ನನ್ನನ್ನು ಬಿಟ್ಟು ದಡದಡನೆ ಮುಂದೆ ನಡೆದರು. ಮನೆ ಬಾಗಿಲಿಗೆ ಬಂದವರೇ ಬೀದಿಗೆಲ್ಲ ಕೇಳುವ ಹಾಗೆ, “ಇವಳ ರಕ್ತ ಇವಳ್ನೇ ತಿಂತೈತಂತೆ! ನಾಳೆ ಹೊಟ್ಟೇಲಿ ಕೂಸು ನಿಂತ್ರೆ ಅದ್ನೂ ತಿಂತೈತೆ. ರೋಗ ಮುಚ್ಚಿಟ್ಟು ನಮ್ ತಲೇಗೆ ಕಟ್ಬುಟ್ರು” ಎಂದರು.

ನನ್ನ ಗಂಡ ಓಬುಳಪತಿ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಜಡೆ ಹಿಡಿದು ಅಂಗಳಕ್ಕೆಳೆದ. ಬೆಲ್ಟಿನ ಬಕಲ್ಲು ಬೆನ್ನಿಗೆ ಬಿತ್ತು, ಕಿವಿಗೆ ಬಿತ್ತು. ಒಳಗೆ ಓಡಿ ಬಾಗಿಲು ಹಿಡಿದುಕೊಂಡೆ. ನನ್ನ ಬೆರಳು ಸಂದಿಯಲ್ಲಿರುವುದು ಕಂಡೂ ಒದ್ದು ಮುಚ್ಚಿದ. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. “ಸಾಕು ಕಣ್ಲಾ, ಸತ್ತ್‌ಗಿತ್ತೋದಾಳು” ಎಂದು ಅತ್ತೆ ಅಂದದ್ದೂ ಕೇಳಿಸಿತು. ಪಕ್ಕದ ಮನೆಯ ಕಲ್ಯಾಣಿ ನಿನಗೆ ಫೋನ್ ಮಾಡಿದ್ದು ಆಗಲೇ.

ಮೂರು ಗಂಟೆಯ ದಾರಿಯಲ್ಲೂ ನಿನ್ನ ಸಿಟ್ಟು ಇಳಿದಿರಲಿಲ್ಲ. ಗೂಡ್ಸ್ ಆಟೋ ಆಫ್ ಮಾಡದೆ ಧುಮುಕಿ, ಜಾಕಿ ರಾಡಿನಿಂದ ಓಬುಳಪತಿಯ ಮಂಡಿಗೆ ಹೊಡೆದೆ. ಬಿದ್ದ ಮೇಲೂ ಹೊಡೆದೆ. ಅವನು “ವದ್ದು, ವದ್ದು” ಎಂದು, ಬೇಡ ಬೇಡವೆಂದು, ತೆಲುಗಿನಲ್ಲಿ ಅಂಗಲಾಚುತ್ತಿದ್ದ. ಅವನ ತಮ್ಮ ಕಲ್ಲೆತ್ತಿ ನಿನ್ನ ತಲೆ ಒಡೆಯದಿದ್ದರೆ ನೀನು ಕೊಂದೇಬಿಡುತ್ತಿದ್ದೆ. ನನಗೆ ಆಗ ಸಂತೋಷವಾಯಿತು ಅಣ್ಣಾ. ಈಗ ನೆನೆದರೆ ನನ್ನ ಬಗ್ಗೆ ನನಗೇ ಹೆದರಿಕೆಯಾಗುತ್ತದೆ.

ಹೋದ ವಾರ ಅಪ್ಪ ನನ್ನನ್ನು ಇಲ್ಲಿನ ಡಾಕ್ಟರಮ್ಮನ ಹತ್ತಿರ ಕರೆದೊಯ್ದ. ಬಾಯಿಹುಣ್ಣು, ಮೈಮೇಲೆ ಕಲೆ, ಕೂದಲು ಉದುರುವುದು ಎಲ್ಲ ಕೇಳಿದರು. ಮೂತ್ರ, ಕಿಡ್ನಿ ನೋಡಿದರು. ಒಂದೂ ಕೆಟ್ಟಿಲ್ಲ. “ಗಟ್ಟಿಮುಟ್ಟಾಗಿರೋ ನೂರು ಜನಕ್ಕೆ ಈ ಟೆಸ್ಟ್ ಮಾಡಿದ್ರೆ ಹತ್ತು ಹನ್ನೆರಡು ಜನಕ್ಕೆ ನಿನ್ನಂಗೇ ಒಂಚೂರು ಪಾಸಿಟಿವ್ ಬತ್ತೈತೆ. ಜ್ವರ ಬಂದೋದ್ಮೇಲೂ ಬತ್ತೈತೆ. ನಿಂಗೆ ಆ ಕಾಯ್ಲೆ ಇಲ್ಲ ಕಣಮ್ಮ” ಎಂದರು. ನೋವು ಹೆಚ್ಚಾದರೆ ಮಾತ್ರ ಮತ್ತೆ ಬಾ ಎಂದರು. ಅಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಗೋಳೋ ಎಂದು ಅತ್ತ.

ಅಮ್ಮ ಅಪ್ಪನ ಆಶೀರ್ವಾದ. ಬೀರಪ್ಪ ಸ್ವಾಮಿ ನಿನ್ನ ಬೆನ್ನಿಗಿರಲಿ.

ನಿನ್ನ ತಂಗಿ
ಮೇಘನಾ

ಮ. ವಿ.: ಇದನ್ನು ಕಾಗದದ ಮೊದಲಲ್ಲೇ ಬರೆಯಬೇಕಿತ್ತು, ಧೈರ್ಯ ಬರಲಿಲ್ಲ. ಇವತ್ತು ಬೆಳಿಗ್ಗೆ ಬೈಲಪ್ಪ ಮಾವ ನನ್ನ ಗಂಡನ ಮನೆಯವರ ಕಡೆಯಿಂದ ರಾಜಿ ಮಾತು ತಂದಿದ್ದ. ರೋಗವಿಲ್ಲವೆಂದು ಗೊತ್ತಾಯಿತಲ್ಲ, ನಾನು ಗಂಡನ ಮೇಲೆ ಕೊಟ್ಟ ಕಂಪ್ಲೇಂಟು ವಾಪಸು ತೆಗೆದು ಆ ಮನೆಗೆ ಹೋದರೆ ಅವರೂ ನಿನ್ನ ಮೇಲಿನ ಕೇಸು ಬಿಡುತ್ತಾರಂತೆ. ಅಪ್ಪ ನನ್ನ ಮುಖವನ್ನೇ ನೋಡಿದ. ನಾನು ಹೋಗುವುದಿಲ್ಲ ಎಂದೆ. ಇನ್ನು ನೀನು ಒಳಗಿರುವ ಒಂದೊಂದು ದಿನವೂ ನನ್ನಿಂದಲೇ. ಗುರುವಾರ ನಿನ್ನನ್ನು ನೋಡಲು ಮುಲಾಖಾತಿಗೆ ನಾನೊಬ್ಬಳೇ ಬರುತ್ತೇನೆ, ಎದುರಿಗೇ ಬೈದುಬಿಡು.