ಹತ್ತಿ ತುಂಬಿದ ಸೀಟ್ ಕವರ್

ಮಂಗಳೂರು, ಬುಧವಾರ

ಅಪ್ಪಾ, ಬೈಯಬೇಡಿ. ನನ್ನ ಮೌಂಟೇನ್ ಬೈಕಿಗೆ ನೀವು ಹತ್ತಿ ತುಂಬಿ ಹೊಲಿದುಕೊಟ್ಟ ಸೀಟ್ ಕವರ್ ತೆಗೆಸಿಬಿಟ್ಟೆ. ಇಲ್ಲಿಯ ಸೆಕೆಗೆ ಅದು ಬೆವರು ಕುಡಿದು ಜಾರುತ್ತದೆ. ಕುಲಶೇಖರದ ಏರು ಹತ್ತುವಷ್ಟರಲ್ಲಿ ತೊಡೆ ಉಜ್ಜಿ ಕೆಂಪಾಯಿತು. ಕೂರಲಾರದೆ ನಿಂತೇ ತುಳಿಯುತ್ತ ಬಂದರ್ ತಲುಪಿದಾಗ, ಬಲೆ ಹೊಲಿಯುವ ಪೂವಪ್ಪಣ್ಣ ಕರೆದರು: "ಎಂತ ಮಾರಾಯ್ತಿ, ಸೀಟ್ ಉಂಟಲ್ಲ, ಕೂತ್ಕೊಳ್ಳುದಿಲ್ವಾ?"

ಅವರೇ ಕವರ್ ಬಿಚ್ಚಿ, ಅಡಿಯಲ್ಲಿ ಹರಿದಿದ್ದ ಸೀಟನ್ನು ಬಲೆಯ ದಾರದಿಂದ ಬಿಗಿಯಾಗಿ ಹೊಲಿದರು. ಗಟ್ಟಿ ಸೀಟೇ ಹಿತ, ಅಪ್ಪಾ. ತೊಡೆಗೆ ಕೊಬ್ಬರಿ ಎಣ್ಣೆ ಹಚ್ಚಿದ್ದೇನೆ. ಭಾನುವಾರ ರೇಸ್; ಅಲ್ಲಿಯವರೆಗೆ ಕಾಯುವ ತಾಳ್ಮೆಯಿಲ್ಲ, ಒಂದು ಕಡೆ ನಿಲ್ಲಲೂ ಆಗುತ್ತಿಲ್ಲ.

ನಿಮ್ಮ ಕವರನ್ನು ಪೂವಪ್ಪಣ್ಣ ವಾಪಸ್ ಕೊಡಲಿಲ್ಲ. ಈಗ ಅದರ ಮೇಲೆಯೇ ಕೂತು ಬಲೆ ಹೊಲಿಯುತ್ತಾರೆ. ಪಕ್ಕದಲ್ಲಿ ಕೂರುವ ನಾಲ್ವರೂ ಒಂದೊಂದು ಕೇಳುತ್ತಿದ್ದಾರೆ. ಬೇಗ ಹೊಲಿದು ಕಳಿಸಿ.

ಸೈಕಲ್ ಹತ್ತಿ ಹೊರಟೆ,
ಅಂಬಿಕಾ